ಡಬಲ್ ಬಾಸ್ ತಯಾರಕರ ಕೈಪಿಡಿ: ಕೊಂಗುನಾಡು ಆವೃತ್ತಿ

ಮೊದಲು ಬಾಗಿಲು ಅಳೆಯಿರಿ

ಮರ ಕೊಳ್ಳುವ ಮೊದಲು, ಉಳಿ ಮಸೆಯುವ ಮೊದಲು, ಮನೆಯವರಿಗೆ ವಿಷಯ ತಿಳಿಸುವುದಕ್ಕೂ ಮೊದಲು, ಒಂದು ಟೇಪು ತಂದು ಮನೆಯ ಬಾಗಿಲು ಅಳೆಯಿರಿ. ಡಬಲ್ ಬಾಸ್ ಪಿಟೀಲು ಮನೆತನದ ಹಿರಿಯಣ್ಣ. ನಿಲ್ಲಿಸಿದರೆ ಸುಮಾರು 180 ಸೆಂ.ಮೀ. ಎತ್ತರ, ಹೊಟ್ಟೆಯ ಅಗಲ ಎರಡಡಿಗೆ ಮೇಲೆ, ತೂಕ ಹತ್ತು ಕಿಲೋ ಆಸುಪಾಸು. ಇಷ್ಟಿದ್ದೂ ಇದಕ್ಕೆ ‘ಮುಕ್ಕಾಲು ಸೈಜು’ ಎಂದೇ ಹೆಸರು. ಗಾಬರಿ ಬೇಡ, ಜಗತ್ತಿನ ಹೆಚ್ಚಿನ ವಾದಕರು ನುಡಿಸುವುದು ಮುಕ್ಕಾಲನ್ನೇ. ಇನ್ನೂ ದೊಡ್ಡದು ಬೇಕೆಂದು ಹಟ ಹಿಡಿಯುವವರಿಗೆ ಒಂದು ಮಾಹಿತಿ: 1850ರಲ್ಲಿ ಪ್ಯಾರಿಸ್ಸಿನ ವ್ಯೂಯೋಮ್ ಎಂಬಾತ ಆಕ್ಟೋಬಾಸ್ ಎಂದು ಹನ್ನೊಂದಡಿ ಎತ್ತರದ ವಾದ್ಯ ಮಾಡಿದ. ನುಡಿಸುವವನು ಮಣೆಯ ಮೇಲೆ ಹತ್ತಿ ನಿಂತು, ಸನ್ನೆಕೋಲು ಪೆಡಲುಗಳಿಂದ ತಂತಿ ಒತ್ತಬೇಕಿತ್ತು. ಅಂಥವು ಬೆರಳೆಣಿಕೆಯಷ್ಟೇ ಹುಟ್ಟಿದವು. ಬಾಗಿಲಿಗೆ ಮರ್ಯಾದೆ ಕೊಡದ ವಾದ್ಯಕ್ಕೆ ಇನ್ನೇನಾಗಬೇಕು?

ಅರ್ಹತೆ

ಈ ಆವೃತ್ತಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಹೊಸಿಲ ಒಳಗೆ ಕನ್ನಡ, ಹೊರಗೆ ತಮಿಳು ಆಡುವವರಿಗೆ ಮೀಸಲು. ದೇವಾಂಗರು, ಒಕ್ಕಲಿಗರು, ಮಗ್ಗ ಮಾರಿ ಆ ಜಾಗಕ್ಕೆ ಏನು ತರುವುದೆಂದು ಯೋಚಿಸುತ್ತಿರುವ ಎಲ್ಲರೂ ಅರ್ಜಿ ಹಾಕಬಹುದು. 1956ರವರೆಗೆ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಆಮೇಲೆ ನಕ್ಷೆಯ ಗೆರೆ ಸರಿಯಿತು, ಅಡುಗೆಮನೆಯ ಮಾತು ಸರಿಯಲಿಲ್ಲ.

ಸಂಗೀತ ಬರಬೇಕೆಂಬ ನಿರ್ಬಂಧವಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರಕ್ಕೆ ಹೋಗಿ ನೋಡಿ. ಪೆನ್ನ ಓಬಳಯ್ಯನವರಿಂದ ಹೆಸರಾದ ಆ ಊರಲ್ಲಿ ಹಲಸಿನ ಮರ ಕೊರೆದು ವೀಣೆ ಮಾಡುತ್ತಾರೆ. ಕಚೇರಿ ಮಾಡುವವರು ಬೇರೆ ಊರಲ್ಲಿದ್ದಾರೆ. ಮರ ತಟ್ಟಿ ಕಿವಿಗೊಡಲು ಬಂದರೆ ಕಸುಬಿಗೆ ಅಷ್ಟು ಸಾಕು. ನೇಕಾರರ ಮನೆಯವರಿಗೆ ಇನ್ನೂ ಒಂದು ಅನುಕೂಲ: ಹಾಸಿನ ಬಿಗಿ ಒಂದೆಡೆ ಹೆಚ್ಚಾಗಿ ಇನ್ನೊಂದೆಡೆ ಸಡಿಲವಾದರೆ ಏನಾಗುತ್ತದೆಂದು ಬೆರಳಿಗೇ ಗೊತ್ತಿರುತ್ತದೆ. ನಾಲ್ಕು ತಂತಿಗಳ ಒಟ್ಟು ಎಳೆತ ನೂರು ಕಿಲೋ ದಾಟುವ ವಾದ್ಯದ ಮುಂದೆ ಈ ಜ್ಞಾನ ಸಣ್ಣದಲ್ಲ.

ಆತ್ಮವಿಶ್ವಾಸದ ಬಗ್ಗೆ ಹೇಳಬೇಕಿಲ್ಲ, ಅದು ಇಲ್ಲಿನ ನೀರಿನಲ್ಲೇ ಇದೆ. ಜಿ.ಡಿ. ನಾಯ್ಡು ಅವರ ಊರು ಇದು. 1937ರಲ್ಲಿ ಇಲ್ಲಿಯೇ ಎಲೆಕ್ಟ್ರಿಕ್ ಮೋಟಾರು ಮಾಡಿ ತೋರಿಸಿದವರು ಅವರು. ಪಂಪು, ಮೋಟಾರು, ಊತ್ತುಕುಳಿ ಕಲ್ಲು ಕೂರಿಸಿದ ವೆಟ್ ಗ್ರೈಂಡರು, ಇವೆಲ್ಲ ಹುಟ್ಟಿದ ಪೀಳಮೇಡು, ಗಣಪತಿ ಕಡೆಯ ಶೆಡ್ಡುಗಳಲ್ಲಿ ಯಾರನ್ನಾದರೂ ನಿಲ್ಲಿಸಿ ಡಬಲ್ ಬಾಸಿನ ಚಿತ್ರ ತೋರಿಸಿ. ‘ಇದ್ಯಾಕೆ?’ ಎಂದು ಯಾರೂ ಕೇಳುವುದಿಲ್ಲ. ‘ಎಷ್ಟು ಪೀಸು ಬೇಕು?’ ಎಂದು ಕೇಳುತ್ತಾರೆ.

ಮರ

ಶಾಸ್ತ್ರದ ಪ್ರಕಾರ ಎದೆಯ ಹಲಗೆ ಸ್ಪ್ರೂಸ್, ಬೆನ್ನು ಮತ್ತು ಪಕ್ಕೆ ಮೇಪಲ್, ಬೆರಳಾಡುವ ಹಲಗೆ ಎಬೊನಿ. ಕೊಯಮತ್ತೂರಿನಲ್ಲಿ ಸ್ಪ್ರೂಸ್ ಬೆಳೆಯುವುದಿಲ್ಲ. ಪಶ್ಚಿಮ ಹಿಮಾಲಯದಲ್ಲಿ ಅದರ ಒಂದು ಜಾತಿ ಉಂಟು, ಲಾರಿ ಬಾಡಿಗೆ ವಿಚಾರಿಸಿದ ಮೇಲೆ ಅದೂ ಇಲ್ಲವೆಂದೇ ತಿಳಿಯುವುದು ಒಳ್ಳೆಯದು. ಸ್ಥಳೀಯ ಮರಗಳ ಪರಿಚಯಕ್ಕೆ ಕೌಲೀ ಬ್ರೌನ್ ರಸ್ತೆಯ ಗ್ಯಾಸ್ ಅರಣ್ಯ ಮ್ಯೂಸಿಯಂಗೆ ಹೋಗಿ. ಅದನ್ನು 1902ರಲ್ಲಿ ಶುರು ಮಾಡಿದವರು ಅರಣ್ಯಾಧಿಕಾರಿ ಹೊರೇಸ್ ಆರ್ಚಿಬಾಲ್ಡ್ ಗ್ಯಾಸ್, ಹೆಸರು ಕೇಳಿ ಸಿಲಿಂಡರ್ ಬುಕ್ ಮಾಡಲು ಹೋಗಬೇಡಿ.

ತೇಗ ಬೇಡ. ಪೊಳ್ಳಾಚಿಯ ಮೇಲೆ ಆನೆಮಲೆಯ ಟಾಪ್‌ಸ್ಲಿಪ್ ಇದೆ, ದಿಮ್ಮಿಗಳನ್ನು ಇಳಿಜಾರಿನಲ್ಲಿ ಜಾರಿಸಿ ಬಿಡುತ್ತಿದ್ದುದರಿಂದ ಆ ಹೆಸರು. ಕಡಿದು ಬೋಳಾದ ಆ ಗುಡ್ಡಗಳಲ್ಲಿ ಮತ್ತೆ ತೇಗ ಬೆಳೆಸಿದ ಹ್ಯೂಗೋ ವುಡ್ ಅವರ ಸಮಾಧಿಯೂ ಅಲ್ಲೇ ಇದೆ, ಹೋದಾಗ ಒಂದು ನಮಸ್ಕಾರ ಹಾಕಿ ಬನ್ನಿ. ಆದರೆ ತೇಗದಲ್ಲಿ ಎಣ್ಣೆಯಂಶ ಜಾಸ್ತಿ, ಅಂಟು ಹಿಡಿಯಲು ತಕರಾರು ಮಾಡುತ್ತದೆ. ಬಾಗಿಲು ಚೌಕಟ್ಟಿಗೆ ಅದು ರಾಜ, ಎದೆಹಲಗೆಗೆ ಭಾರ.

ಬೀಟೆ ಮರದ ವಿಷಯದಲ್ಲಿ ಕೈ ಹಾಕುವ ಮೊದಲು ಕಾಗದ ಪತ್ರ ನೋಡಿಕೊಳ್ಳಿ. ನಮ್ಮ ಘಟ್ಟದ ಈ ಮರ ಜಗತ್ತಿನ ಗಿಟಾರುಗಳ ಬೆರಳುಹಲಗೆಯಾಗಿ ಮೆರೆಯುತ್ತಿದೆ. 1994ರಲ್ಲಿ ತಮಿಳುನಾಡು ಬೀಟೆಯ ರಕ್ಷಣೆಗೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. 2017ರಲ್ಲಿ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದವರು ಬೀಟೆಯ ಬಳಗವನ್ನಿಡೀ ನಿಯಂತ್ರಣದ ಪಟ್ಟಿಗೆ ಸೇರಿಸಿದರು. ಗಡಿ ದಾಟುವ ವಾದಕರು ತಮ್ಮ ಗಿಟಾರಿಗೂ ಕಾಗದ ಬೇಕೇ ಎಂದು ಪರದಾಡಿದ ಮೇಲೆ, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯ್ತಿ ಸಿಕ್ಕಿತು. ಹಲಗೆಯಾಗಿದ್ದರೆ ಕಾನೂನು, ವಾದ್ಯವಾದರೆ ಸಂಗೀತ. ನಡುವೆ ಅರ್ಧ ಕೆತ್ತಿದ ಸ್ಥಿತಿಯಲ್ಲಿ ನೀವು ಸಿಕ್ಕಿಬಿದ್ದರೆ ಈ ಕೈಪಿಡಿ ಜವಾಬ್ದಾರವಲ್ಲ.

ಉಳಿದದ್ದು ಪ್ಲೈವುಡ್. ಮುಖ ಸಿಂಡರಿಸಬೇಡಿ. ಅಮೆರಿಕದ ಕೇ ಕಂಪನಿ 1937ರಿಂದ ಪ್ಲೈವುಡ್ ಬಾಸುಗಳನ್ನು ಮಾಡಿ ಶಾಲೆಗಳಿಗೂ ಜಾಝ್ ತಂಡಗಳಿಗೂ ಮಾರಿತು. ಅವು ಬಿದ್ದವು, ಮಳೆಯಲ್ಲಿ ನೆನೆದವು, ಕಾರಿನ ಮಾಡಿನ ಮೇಲೆ ಕಟ್ಟಿಸಿಕೊಂಡು ಊರೂರು ಸುತ್ತಿದವು, ಇವತ್ತಿಗೂ ನುಡಿಯುತ್ತಿವೆ. ಪ್ಲೈವುಡ್ಡಿಗೆಂದೇ ಹೆಬ್ಬೇವು ಬೆಳೆಯಿರಿ ಎಂದು ಮೆಟ್ಟುಪಾಳ್ಯದ ಅರಣ್ಯ ಕಾಲೇಜಿನವರು ರೈತರಿಗೆ ಹೇಳುತ್ತಲೇ ಇದ್ದಾರೆ. ಹೆಬ್ಬೇವಿನ ಡಬಲ್ ಬಾಸ್ ಎಂದರೆ ಕೇಳಲೂ ಚೆನ್ನಾಗಿದೆ. ಇನ್ನೂ ಗಟ್ಟಿ ಬೇಕೆಂದರೆ ಅಲ್ಯೂಮಿನಿಯಂ! ತಮಾಷೆಯಲ್ಲ, 1930ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಅಲ್ಯೂಮಿನಿಯಂ ಡಬಲ್ ಬಾಸುಗಳು ನಿಜಕ್ಕೂ ತಯಾರಾದವು, ಮರದಂತೆ ಕಾಣಲೆಂದು ಮೈಗೆ ಮರದ ಎಳೆ ಬಳಿಸಿಕೊಂಡು. ಕೊಯಮತ್ತೂರಿನ ಫೌಂಡ್ರಿಗಳನ್ನು ನೆನೆದಾಗಲೆಲ್ಲ ನನಗೆ ಒಳಗೊಳಗೇ ಈ ಕಡೆಗೆ ಒಲವು.

ಜಾಬ್ ವರ್ಕ್

ತಿರುಪ್ಪೂರಿನಲ್ಲಿ ಒಂದು ಬನಿಯನ್ನು ಒಂದೇ ಸೂರಿನಡಿ ಹುಟ್ಟುವುದು ಅಪರೂಪ. ಹೆಣಿಗೆ ಒಂದು ಕಡೆ, ಬಣ್ಣ ಇನ್ನೊಂದು ಕಡೆ, ಕಾಂಪ್ಯಾಕ್ಟಿಂಗು, ಕಟಿಂಗು, ಹೊಲಿಗೆ, ಇಸ್ತ್ರಿ, ಎಲ್ಲವೂ ಬೇರೆ ಬೇರೆ ಯೂನಿಟ್ಟು. ಬಟ್ಟೆ ಟೆಂಪೋದಲ್ಲಿ ಊರು ಸುತ್ತಿ ಬನಿಯನ್ ಆಗುತ್ತದೆ. ಡಬಲ್ ಬಾಸಿಗೂ ಈ ಪದ್ಧತಿ ಅನ್ವಯಿಸಿದರೆ ಹೇಗೆ ಎಂದು ನಿಮ್ಮ ಭಾವಮೈದ ಸಲಹೆ ಕೊಡುತ್ತಾನೆ. ಪಕ್ಕೆ ಬಗ್ಗಿಸುವುದು ಅವಿನಾಶಿಯಲ್ಲಿ, ಕುತ್ತಿಗೆ ಪಲ್ಲಡದಲ್ಲಿ, ತಲೆಯ ಸುರುಳಿ ಕೆತ್ತುವ ಆಚಾರಿ ಉಡುಮಲೆಯಲ್ಲಿ.

ಬೇಡ. ಎರಡು ಮೂರು ಮಿಲಿಮೀಟರ್ ದಪ್ಪದ ಪಕ್ಕೆಯ ಪಟ್ಟಿಯನ್ನು ಒದ್ದೆ ಮಾಡಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ, ಮರ ‘ಆಯ್ತು’ ಎಂದು ಸೋಲುವ ಕ್ಷಣದಲ್ಲಿ ಬಗ್ಗಿಸಬೇಕು. ಒಂದು ಗಳಿಗೆ ಮೊದಲಾದರೆ ಮುರಿಯುತ್ತದೆ, ಆಮೇಲಾದರೆ ಸುಡುತ್ತದೆ. ಹಾಗೆ ಬಗ್ಗಿದ ಪಟ್ಟಿ ರಾತ್ರಿಯಿಡೀ ತನ್ನ ಹಳೆಯ ನೇರವನ್ನು ನೆನೆಯುತ್ತಾ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಬೆನ್ನು ಹಲಗೆ ಕತ್ತರಿಸುವವನು ಆ ಬಿಚ್ಚಿಕೊಂಡ ಪಕ್ಕೆಯನ್ನೇ ಎದುರಿಗಿಟ್ಟುಕೊಂಡು ಅಳತೆ ತೆಗೆಯಬೇಕು, ಕಾಗದದ ಅಳತೆಗೆ ಇಲ್ಲಿ ಬೆಲೆಯಿಲ್ಲ. ಟೆಂಪೋ ಇಲ್ಲಿ ಸೋಲುತ್ತದೆ. ತಿರುಪ್ಪೂರಿನಿಂದ ತರಿಸಬೇಕಾದದ್ದು ಒಂದೇ: ಪಾಲಿಷ್ ಹಚ್ಚಲು ಕಿಲೋ ಲೆಕ್ಕದ ಬನಿಯನ್ ವೇಸ್ಟು. ಅದಕ್ಕೆ ಸಮನಾದ ಬಟ್ಟೆ ಇಟಲಿಯ ಕ್ರೆಮೋನಾದ ಪಿಟೀಲು ಆಚಾರಿಗಳಿಗೂ ಸಿಕ್ಕಿರಲಾರದು.

ಅಂಟು

ಈ ಅಧ್ಯಾಯವನ್ನು ಎರಡು ಸಲ ಓದಿ.

ಅಂಗಡಿಯ ಬಿಳಿ ಫೆವಿಕಾಲ್ ಬಳಸಬೇಡಿ. ಎಪಾಕ್ಸಿ ಅಂತೂ ಕೂಡದೇ ಕೂಡದು. ಬೇಕಾದದ್ದು ಚರ್ಮ ಮೂಳೆ ಬೇಯಿಸಿ ತೆಗೆದ ಹಳೆಯ ಅಂಟು, ಆಚಾರಿಗಳು ವಜ್ರ ಎನ್ನುವುದು. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಸುಮಾರು 60 ಡಿಗ್ರಿಗೆ ಕರಗಿಸಿ. ಕುದಿಸಿದರೆ ಕೆಟ್ಟಿತು. ವಾಸನೆಗೆ ಮನೆಯಲ್ಲಿ ಮಾತು ಬರುತ್ತದೆ, ಸಹಿಸಿಕೊಳ್ಳಿ.

ಈ ಅಂಟಿನ ದೊಡ್ಡಸ್ತಿಕೆ ಅದು ಹಿಡಿಯುವುದರಲ್ಲಿಲ್ಲ, ಬಿಡುವುದರಲ್ಲಿದೆ. ಕೊಯಮತ್ತೂರು ಇರುವುದು ಪಾಲಕ್ಕಾಡ್ ಕಣಿವೆಯ ಬಾಯಲ್ಲಿ. ಜೂನ್ ಬಂತೆಂದರೆ ಕೇರಳದ ಮಳೆಗಾಳಿ ಆ ಸಂದಿನಿಂದ ನುಗ್ಗುತ್ತದೆ, ಆಡಿ ತಿಂಗಳ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆ ಎಂಬುದು ಇಲ್ಲಿನ ಗಾದೆ, ಉಡುಮಲೆ ಕಡೆಯ ಗಾಳಿಯಂತ್ರಗಳೆಲ್ಲ ಅದನ್ನೇ ನಂಬಿ ನಿಂತಿವೆ. ಫೆಬ್ರವರಿ, ಮಾರ್ಚಿನಲ್ಲಿ ಅದೇ ಊರು ಒಣಗಿ ತುಟಿ ಸೀಳುತ್ತದೆ. ಮರ ಎಳೆಯ ಉದ್ದಕ್ಕೆ ಅಲುಗುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ, ಕುಗ್ಗುತ್ತದೆ. ಎದೆಹಲಗೆಯ ಅಗಲ ಎರಡಡಿ ಇರುವಾಗ ಈ ಉಸಿರಾಟ ಕಣ್ಣಿಗೇ ಕಾಣುವಷ್ಟು. ಎಪಾಕ್ಸಿ ಹಾಕಿ ಬಿಗಿದಿದ್ದರೆ ಅಂಟು ಬಿಡದು, ಹಲಗೆಯೇ ಉದ್ದಕ್ಕೂ ಸೀಳುತ್ತದೆ. ವಜ್ರ ಹಾಕಿದ್ದರೆ, ಅದರಲ್ಲೂ ಎದೆಹಲಗೆಯ ಅಂಚಿಗೆ ಬೇಕೆಂದೇ ತೆಳುವಾಗಿ ಕರಗಿಸಿ ಹಾಕಿದ್ದರೆ, ಅಂಟೇ ಸೋತು ಸಂದು ಬಿಟ್ಟುಕೊಡುತ್ತದೆ, ಮರ ಉಳಿಯುತ್ತದೆ. ಬಿಟ್ಟ ಸಂದಿಗೆ ತೆಳು ಅಲಗು ತೂರಿಸಿ, ಬಿಸಿನೀರು ಬಿಟ್ಟು, ಹೊಸ ಅಂಟು ಸವರಿ, ಕ್ಲಾಂಪು ಬಿಗಿದರೆ ಮಾರನೆಯ ದಿನ ವಾದ್ಯ ಎದ್ದು ಕೂರುತ್ತದೆ.

ಕೊಯಮತ್ತೂರಿನ ಮನಸ್ಸಿಗೆ ಇದು ಒಗ್ಗುವುದು ಕಷ್ಟ ಎಂದು ಬಲ್ಲೆ. ನೀರು ಸೋರದ ಪಂಪಿನ ಸೀಲು, ಅಲುಗದ ಬೋಲ್ಟು, ಹತ್ತು ವರ್ಷ ಬಿಚ್ಚಬೇಕಿಲ್ಲದ ಗ್ರೈಂಡರು, ಇವು ಇಲ್ಲಿನ ಹೆಮ್ಮೆ. ಬಿಟ್ಟುಕೊಡಲೆಂದೇ ಅಂಟಿಸಿದ ಕೀಲನ್ನು ಗುಣಮಟ್ಟ ಪರೀಕ್ಷಕರು ರಿಜೆಕ್ಟ್ ಮಾಡುತ್ತಾರೆ. ಅವರನ್ನು ಒಳಗೆ ಬಿಡಬೇಡಿ.

ಒಳಗಂಬ

ಎದೆಹಲಗೆಗೂ ಬೆನ್ನಿಗೂ ನಡುವೆ, ತಂತಿಗಳನ್ನು ಹೊರುವ ಕುದುರೆಯ ಸಣ್ಣ ತಂತಿ ಕಡೆಯ ಕಾಲಿನ ಹತ್ತಿರ, ಹೆಬ್ಬೆರಳ ಗಾತ್ರದ ಒಂದು ಕೋಲು ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ಮೇಲಿನ ಒತ್ತಡವೊಂದೇ ಅದನ್ನು ಹಿಡಿದಿರುವುದು. ಇದನ್ನು ನಿಲ್ಲಿಸಲು ಇಂಗ್ಲಿಷ್ ಎಸ್ ಅಕ್ಷರದ ಹಾಗೆ ಬಾಗಿದ ಉಕ್ಕಿನ ಕಡ್ಡಿಯ ತುದಿಗೆ ಕೋಲನ್ನು ಚುಚ್ಚಿ, ಎದೆಯ ತೂತಿನಿಂದ ಒಳಗೆ ಇಳಿಸಿ, ಒಂದು ಕೈಯಲ್ಲಿ ಟಾರ್ಚು, ಹಲ್ಲಲ್ಲಿ ಕನ್ನಡಿ ಹಿಡಿದು, ಕತ್ತಲಲ್ಲಿ ನೆಟ್ಟಗೆ ನಿಲ್ಲಿಸಬೇಕು. ಬೀಳುತ್ತದೆ. ಅಲ್ಲಾಡಿಸಿ ಹೊರಗೆ ಉರುಳಿಸಿ ಮತ್ತೆ ಚುಚ್ಚಿ. ಎರಡು ಮಿ.ಮೀ. ಆಚೆ ಸರಿದರೆ ದನಿ ಮಂಕು, ಈಚೆ ಸರಿದರೆ ಕೀರಲು. ತಂತಿ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ, ಒತ್ತಡ ಹೋದ ಕೂಡಲೇ ಒಳಗಂಬ ಉರುಳಿ ನೀವು ಮತ್ತೆ ಕನ್ನಡಿ ಕಚ್ಚಬೇಕಾಗುತ್ತದೆ. ಒಂದೊಂದೇ ಬಿಚ್ಚಿ, ಒಂದೊಂದೇ ಕಟ್ಟಿ.

ಶ್ರುತಿ

ಪಿಟೀಲು, ಚೆಲ್ಲೋಗಳ ತಂತಿಗಳು ಷಡ್ಜ ಪಂಚಮದ ಅಂತರದಲ್ಲಿದ್ದರೆ ಇದರವು ಷಡ್ಜ ಮಧ್ಯಮದ ಅಂತರದಲ್ಲಿ: ಕೆಳಗಿನಿಂದ ಸುಮಾರು 41, 55, 73, 98 ಹರ್ಟ್ಸ್. ಶ್ರುತಿ ಪೆಟ್ಟಿಗೆ ಕೊಳ್ಳುವ ಖರ್ಚು ಬೇಡ. ಬೀದಿಯ ಟ್ರಾನ್ಸ್‌ಫಾರ್ಮರ್ ಹತ್ತಿರ ಮನೆಯಿದ್ದರೆ ಕಿಟಕಿ ತೆರೆಯಿರಿ. ನಮ್ಮ ಕರೆಂಟು 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಅದರ ಎರಡರಷ್ಟು, ಅಂದರೆ 100. ನಿಮ್ಮ ಮೇಲಿನ ತಂತಿ 98. ಎರಡೂ ಕೂಡಿದಾಗ ಸೆಕೆಂಡಿಗೆ ಎರಡು ಸಲ ವ್ವಾಂ ವ್ವಾಂ ಎಂದು ಅಲೆ ಎದ್ದರೆ, ಮತ್ತು ತಂತಿ ಬಿಗಿದಂತೆ ಆ ಅಲೆ ನಿಧಾನವಾದರೆ, ಶ್ರುತಿ ಸರಿಯಿದೆ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಕಂಡುಹಿಡಿದು ತಂಬೂರಿ ಮಾಡುವವರ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿದರು. ನಿಮಗೆ ವಿದ್ಯುತ್ ಮಂಡಳಿ ಶ್ರುತಿಯನ್ನು ಪುಕ್ಕಟೆ ಕೊಡುತ್ತಿದೆ.

ಹಳೆಯದನ್ನು ತರುವುದು

ಇಲ್ಲಿಯವರೆಗೆ ಓದಿದವರಿಗೆ ಹೊಸದು ಮಾಡುವ ಆಸೆ ಸ್ವಲ್ಪ ಇಳಿದಿರಬೇಕು. ಒಳ್ಳೆಯದು, ಈ ಕಸುಬಿನ ಅನ್ನ ರಿಪೇರಿಯಲ್ಲಿದೆ.

ಕೊಯಮತ್ತೂರಿಗೆ ಪಿಕ್ಚರಿನ ಇತಿಹಾಸವುಂಟು. ಸಿಂಗಾನಲ್ಲೂರಿನಲ್ಲಿ ಸೆಂಟ್ರಲ್ ಸ್ಟುಡಿಯೋ ಇತ್ತು. ಎಸ್.ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ 1954ರಲ್ಲಿ ‘ಮಲೈಕ್ಕಳ್ಳನ್’ ತೆಗೆಯಿತು, ಅದೇ ಕಥೆ 1955ರಲ್ಲಿ ಹಿಂದಿಯ ‘ಆಜಾದ್’ ಆಯಿತು, 1957ರಲ್ಲಿ ಕನ್ನಡದ ‘ಬೆಟ್ಟದ ಕಳ್ಳ’ ಆಯಿತು. ಆ ಕಾಲದ ಸಿನಿಮಾ ವಾದ್ಯಗೋಷ್ಠಿ ಎಂದರೆ ಪಿಟೀಲುಗಳ ಸಾಲು, ಹಿಂದೆ ಒಂದು ಮೂಲೆಯಲ್ಲಿ ನಿಂತೇ ನುಡಿಸುವ ಮನುಷ್ಯ. ಆಮೇಲೆ, 1951ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ಬಿಟ್ಟ ಎಲೆಕ್ಟ್ರಿಕ್ ಬಾಸ್ ಗಿಟಾರು ನಿಧಾನಕ್ಕೆ ಇಲ್ಲಿಗೂ ಬಂತು. ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋಗಬಹುದಾದ ವಾದ್ಯದ ಮುಂದೆ ಟೆಂಪೋ ಬೇಕಾದ ವಾದ್ಯ ಎಷ್ಟು ದಿನ ನಿಂತೀತು? ಆದ್ದರಿಂದ ಹಳೆಯ ಚರ್ಚಿನ ಅಟ್ಟ, ಮುಚ್ಚಿದ ಕ್ಲಬ್ಬು, ಹಳೆಯ ವಾದಕರ ಮನೆಯ ಮಂಚದ ಹಿಂಬದಿ, ಇವೇ ನಿಮ್ಮ ಗಣಿ.

ಸಿಕ್ಕಿದ್ದನ್ನು ಪರೀಕ್ಷಿಸುವ ಕ್ರಮ ಇಷ್ಟು. ಮೊದಲು ಅಂಚಿನುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತಾ ಸುತ್ತು ಬನ್ನಿ, ಸಂದು ಬಿಟ್ಟಲ್ಲಿ ಸದ್ದು ಒಡಕಾಗುತ್ತದೆ. ಕುತ್ತಿಗೆಯ ಬುಡ ನೋಡಿ, ಬಿದ್ದ ಬಾಸು ಮೊದಲು ಮುರಿದುಕೊಳ್ಳುವುದು ಅಲ್ಲಿ. ಕುದುರೆಯ ಕೆಳಗೆ ಹಲಗೆ ತಗ್ಗಾಗಿದೆಯೇ ನೋಡಿ, ತಗ್ಗಿದ್ದರೆ ದಪ್ಪ ತಂತಿಯ ಕಡೆ ಒಳಗೆ ಉದ್ದಕ್ಕೂ ಅಂಟಿಸಿರುವ ಪಟ್ಟಿ ಕೈಬಿಟ್ಟಿದೆ ಎಂದರ್ಥ, ಎದೆ ತೆರೆಯಲೇಬೇಕು. ಕೊನೆಗೆ ಹಿಂದಿನ ರಿಪೇರಿಯವನ ಕೈಚಳಕ ಹುಡುಕಿ: ಎರಡಿಂಚಿನ ಮೊಳೆ, ಎಂ-ಸೀಲ್, ಸೈಕಲ್ ಟ್ಯೂಬಿನ ತುಂಡು, ಒಳಗಂಬದ ಬದಲಿಗೆ ಪೊರಕೆ ಕಡ್ಡಿ. ಬೈಯಬೇಡಿ. ಆ ಮೊಳೆ ಇಲ್ಲದಿದ್ದರೆ ಈ ವಾದ್ಯ ಎಂದೋ ಸೌದೆಯಾಗುತ್ತಿತ್ತು. ಮೊಳೆಯನ್ನು ಕೀಳುವಾಗ ಮಾತ್ರ ಅವನ ಅಷ್ಟೂ ಬಲವನ್ನು ನೆನೆಯಬೇಕಾಗುತ್ತದೆ.

ಹಳೆ ಬಣ್ಣ ಕೆರೆದು ಹೊಸ ಪಾಲಿಷ್ ಹೊಡೆಯುವ ಚಪಲ ತಡೆದುಕೊಳ್ಳಿ. ಮಗಳ ಮದುವೆಗೆ ಮನೆ ಬಾಗಿಲು ಮಿಂಚಿಸುವುದು ಸರಿ. ಇಲ್ಲಿ ಮಿಂಚಿದಷ್ಟೂ ಬೆಲೆ ಇಳಿಯುತ್ತದೆ.

ಮಾರಾಟ

ಫೋನಿನಲ್ಲಿ ದನಿ ಕೇಳಿಸಿ ಮಾರಲು ಹೋಗಬೇಡಿ. 41 ಹರ್ಟ್ಸ್ ಹೊರಡಿಸುವ ತಾಕತ್ತು ಫೋನಿನ ಪುಟ್ಟ ಸ್ಪೀಕರಿಗಿಲ್ಲ. ಮೇಲಿನ ಉಪಸ್ವರಗಳಷ್ಟೇ ದಾಟಿಹೋಗುತ್ತವೆ, ಉಳಿದದ್ದನ್ನು ಗಿರಾಕಿಯ ಕಿವಿ ಊಹಿಸಿಕೊಳ್ಳಬೇಕು. ಊಹೆಗೆ ಯಾರೂ ಮುಂಗಡ ಕೊಡುವುದಿಲ್ಲ.

ಗಿರಾಕಿಗಳ ಪಟ್ಟಿ ಸಣ್ಣದು. ದೊಡ್ಡ ಸಿಂಫನಿ ವಾದ್ಯವೃಂದಕ್ಕೆ ಸಾಮಾನ್ಯವಾಗಿ ಬೇಕಾಗುವುದೇ ಎಂಟು ಬಾಸು. ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ, ಚೆನ್ನೈನಲ್ಲಿ ಎ.ಆರ್. ರಹಮಾನ್ 2008ರಲ್ಲಿ ತೆರೆದ ಕೆ.ಎಂ. ಸಂಗೀತ ಶಾಲೆ, ಬೆಂಗಳೂರಿನಲ್ಲಿ 1987ರಿಂದ ಇರುವ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್, ಇಂಥ ಬಾಗಿಲುಗಳನ್ನು ತಟ್ಟಬಹುದು. ನೂರು ಪೀಸಿನ ಆರ್ಡರ್ ಸಿಗುತ್ತದೆಂದು ಶೆಡ್ಡು ಕಟ್ಟಿಸಬೇಡಿ.

ಅರಸರಿದ್ದ ಕಾಲವಾದರೆ ಬೇರೆ ಮಾತು. ಕನ್ನಡಿಗರ ದುಡ್ಡಿಗೆ ಡಬಲ್ ಬಾಸ್ ನುಡಿದದ್ದುಂಟು: 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದಾಗ ಹಣದ ಜಾಮೀನು ನಿಂತವರು ಮೈಸೂರಿನ ಜಯಚಾಮರಾಜ ಒಡೆಯರು. ತಿರುಮಕೂಡಲಿನ ಚೌಡಯ್ಯನವರು ಕಚೇರಿಯಲ್ಲಿ ಪಿಟೀಲಿನ ದನಿ ಸಾಲದೆಂದು ಏಳು ತಂತಿ ಕಟ್ಟಿ ಕೆಳಸ್ಥಾಯಿಯನ್ನೂ ಜೊತೆಗೆ ನುಡಿಸಿದರು. ಅವರಿಗೆ ಒಂದು ಬಾಸ್ ತೋರಿಸಿದ್ದರೆ ವ್ಯಾಪಾರ ಕುದುರುತ್ತಿತ್ತೆಂದು ನನ್ನ ಅನುಮಾನ.

ಈಗಿನ ಗಿರಾಕಿಯನ್ನು ಹಿಡಿಯುವ ಉಪಾಯ ಇಟಲಿಯ ಬೊಟ್ಟೆಸಿನಿಯ ಕಥೆಯಲ್ಲಿದೆ. ಮಿಲಾನಿನ ಸಂಗೀತ ಶಾಲೆಗೆ ಆ ಹುಡುಗ ಸೇರಲು ಹೋದಾಗ ವಿದ್ಯಾರ್ಥಿವೇತನದಲ್ಲಿ ಖಾಲಿಯಿದ್ದದ್ದು ಬಸ್ಸೂನ್ ಮತ್ತು ಡಬಲ್ ಬಾಸ್ ಸೀಟು ಮಾತ್ರ. ಬಾಸ್ ಹಿಡಿದ, ಮುಂದೆ ಆ ವಾದ್ಯದ ಮಹಾ ಪಂಡಿತನಾದ, 1871ರಲ್ಲಿ ಕೈರೋದಲ್ಲಿ ವೆರ್ಡಿಯ ‘ಐಡಾ’ ಒಪೆರಾದ ಮೊದಲ ಪ್ರದರ್ಶನವನ್ನು ನಡೆಸಿಕೊಟ್ಟ. ಸಿಕ್ಕ ಸೀಟಿಗೆ ಸೇರಿ ಮೇಲೆ ಬರುವುದು ಕೊಯಮತ್ತೂರಿನ ಇಂಜಿನಿಯರಿಂಗ್ ಕಾಲೇಜುಗಳ ಸುತ್ತ ಬೆಳೆದ ಯಾವ ತಂದೆತಾಯಿಗೂ ವಿವರಿಸಬೇಕಾದ ವಿಷಯವಲ್ಲ. ‘ಪಿಟೀಲಿಗೆ ನೂರು ಜನ ಇದ್ದಾರೆ ಅಕ್ಕಾ, ಇದಕ್ಕೆ ನಿಮ್ಮ ಹುಡುಗ ಒಬ್ಬನೇ’ ಎನ್ನಿ. ಅಕ್ಕ ಹುಡುಗನ ಎತ್ತರ ನೋಡುತ್ತಾರೆ, ಬಾಸಿನ ಎತ್ತರ ನೋಡುತ್ತಾರೆ, ‘ಕಾಂಪ್ಲಾನ್ ಕೊಡ್ತಾ ಇದೀವಿ’ ಎನ್ನುತ್ತಾರೆ. ಆಸೆ ಬಿಡಬೇಡಿ.

ಸಾಗಣೆ

ಇಲ್ಲಿ ಜನ ಕುಟ್ಟಿ ಯಾನೆ ಎನ್ನುವ ಪುಟ್ಟ ಟಾಟಾ ಗಾಡಿ ಸಾಕು. ಬೆನ್ನಡಿಗೆ ಪೊಳ್ಳಾಚಿಯ ತೆಂಗಿನ ನಾರು ಹಾಸಿ, ಕುದುರೆ ಮೇಲ್ಮುಖವಾಗಿರುವಂತೆ ಮಲಗಿಸಿ. ವಾಳಯಾರ್ ಚೆಕ್‌ಪೋಸ್ಟಿನಲ್ಲಿ ‘ಎನ್ನಂಗ ಇದು?’ ಎಂದು ಕೇಳಿದರೆ ‘ದೊಡ್ಡ ಪಿಟೀಲು ಸಾರ್’ ಎಂದಷ್ಟೇ ಹೇಳಿ. ನುಡಿಸಿ ತೋರಿಸು ಎನ್ನುವ ಸಾಧ್ಯತೆ ಇರುವುದರಿಂದ ಒಂದು ಸರಳ ರಾಗ ಕಲಿತಿರುವುದು ಕ್ಷೇಮ.

ವಾರಂಟಿ ಮತ್ತು ಬಾಡಿಗೆ

ಸಂದು ಬಿಟ್ಟರೆ ವರ್ಷಕ್ಕೊಮ್ಮೆ ಪುಕ್ಕಟೆ ಅಂಟಿಸಿಕೊಡಲಾಗುವುದು. ಗಿರಾಕಿಯೇ ಫೆವಿಕಾಲ್ ಹಾಕಿದ್ದರೆ ವಾರಂಟಿ ರದ್ದು. ಕುತ್ತಿಗೆ ಮುರಿದಲ್ಲಿ ಬಸ್ಸಿನ ಟಿಕೆಟ್ಟು ಹಾಜರುಪಡಿಸಬೇಕು.

ಮಾರಾಟವಾಗದೆ ಅಂಗಡಿಯಲ್ಲಿ ನಿಂತ ಬಾಸನ್ನು ನೋಡಿ ಒಂದು ದಿನ ಮದುವೆ ಫೋಟೋಗ್ರಾಫರ್ ಬರುತ್ತಾನೆ. ‘ಅಣ್ಣಾ, ಹುಡುಗ ಹುಡುಗಿಯನ್ನು ಊಟಿ ತೋಟದಲ್ಲಿ ನಿಲ್ಲಿಸಿ ಪಕ್ಕದಲ್ಲಿ ಇದನ್ನಿಟ್ಟರೆ ಸಕ್ಕತ್ತಾಗಿರುತ್ತೆ, ದಿನಕ್ಕೆ ಎಷ್ಟು?’ ಎನ್ನುತ್ತಾನೆ. ಮುಖ ಗಂಟಿಕ್ಕಬೇಡಿ, ವರ್ಷದ ಮೊದಲ ದುಡ್ಡು ಇದೇ ಇರಬಹುದು. ದರ ಹೇಳಿ, ಡಿಪಾಸಿಟ್ ಇಟ್ಟುಕೊಳ್ಳಿ, ರಸೀದಿಯ ಹಿಂದೆ ಷರತ್ತು ಬರೆಯಿರಿ: ಮಂಜಿನಲ್ಲಿ ಇಡಬಾರದು, ಹುಡುಗ ಅದರ ಮೇಲೆ ಒರಗಬಾರದು, ತಂತಿ ಸಡಿಲ ಮಾಡಕೂಡದು, ಒಳಗಂಬ ಬಿದ್ದರೆ ಡಿಪಾಸಿಟ್ ವಾಪಸ್ಸಿಲ್ಲ.